ತೂಗು ತೊಟ್ಟಿಲೋ, ಸ್ಟ್ಯಾಂಡ್ ತೊಟ್ಟಿಲೋ? ಕಾಸರಗೋಡಿನ ಮನೆಗಳಿಗೆ ಮರದ ತೊಟ್ಟಿಲು ಆರಿಸುವ ಬಗೆ

ಮಗುವಿಗೆ ತೊಟ್ಟಿಲು ಮಾಡಿಸಬೇಕು ಎಂದ ಕೂಡಲೇ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, ಯಾವ ಮರ? ತೇಗವೋ ಹಲಸೋ ಎಂಬ ಚರ್ಚೆಯಲ್ಲೇ ದಿನ ಕಳೆಯುತ್ತದೆ. ನಾನು ಹೇಳುವುದಾದರೆ ಅದು ಎರಡನೆಯ ಪ್ರಶ್ನೆ. ಮೊದಲು ನಿಶ್ಚಯಿಸಬೇಕಾದ್ದು ತೊಟ್ಟಿಲು ಹೇಗೆ ತೂಗಬೇಕು ಎಂಬುದನ್ನು. ಮೇಲಿನಿಂದ ನೇತುಹಾಕುವುದಾ? ಸ್ಟ್ಯಾಂಡಿಗೆ ತಿರುಗುವ ಬೋಲ್ಟಿನಲ್ಲಿ ಸಿಕ್ಕಿಸುವುದಾ? ಬಾಗಿದ ಕಾಲು ಕೊಟ್ಟು ನೆಲದ ಮೇಲೆಯೇ ಆಡಿಸುವುದಾ? ಮಗುವಿಗೆ ಸುಖ ಆಗುವುದೂ ಅಪಾಯ ತಪ್ಪುವುದೂ ಇದರಿಂದಲೇ. ಮರ ಯಾವುದಾದರೂ ಒಳ್ಳೆಯ ಆಚಾರಿಯ ಕೈಗೆ ಸಿಕ್ಕಿದರೆ ತೊಟ್ಟಿಲಾಗುತ್ತದೆ. ತೂಗುವ ರೀತಿ ತಪ್ಪಿದರೆ ಬೀಟೆ ಮರದಲ್ಲಿ ಮಾಡಿಸಿದರೂ ಪ್ರಯೋಜನವಿಲ್ಲ.

ಮಂಜೇಶ್ವರದಿಂದ ಮುಳ್ಳೇರಿಯದ ತನಕ ನೋಡಿದರೆ ನಮ್ಮಲ್ಲಿ ಮುಖ್ಯವಾಗಿ ಎರಡು ಥರದ ಮನೆಗಳು. ಹಂಚಿನ ಮಾಡು, ಮರದ ತೊಲೆ ಇರುವ ಹಳೆ ಮನೆ ಒಂದು. ಟೆರೇಸ್ ಹಾಕಿದ ಹೊಸ ಮನೆ ಇನ್ನೊಂದು. ನಿಮ್ಮದು ಯಾವುದು ಎಂಬುದರ ಮೇಲೆ ಅರ್ಧ ಉತ್ತರ ಸಿಕ್ಕಿದ ಹಾಗೆಯೇ.

ತೂಗು ತೊಟ್ಟಿಲು

ಹಂಚಿನ ಮನೆ, ಗಟ್ಟಿ ತೊಲೆ ಇದ್ದವರು ಬೇರೆ ಯೋಚನೆ ಮಾಡುವುದೇ ಬೇಡ. ಚಾವಡಿಯ ತೊಲೆಯಿಂದ ಇಳಿಬಿಟ್ಟ ತೊಟ್ಟಿಲಿಗೆ ಸಮನಾದದ್ದು ಇನ್ನೊಂದಿಲ್ಲ. ಇದನ್ನು ಹಳೆಯದರ ಮೇಲಿನ ಮೋಹಕ್ಕೆ ಹೇಳುತ್ತಿಲ್ಲ. ಹಗ್ಗ ಉದ್ದ ಇದ್ದಷ್ಟೂ ತೊಟ್ಟಿಲು ನಿಧಾನವಾಗಿ ತೂಗುತ್ತದೆ, ಕಡಿಮೆ ವಾಲುತ್ತದೆ. ಕೊಕ್ಕೆಯಿಂದ ಮಗುವಿನ ತನಕ 2.2 ಮೀಟರ್ ಇದ್ದರೆ ಒಮ್ಮೆ ಹೋಗಿ ಬರಲು ಸುಮಾರು 3 ಸೆಕೆಂಡ್ ಬೇಕು. ಸ್ಟ್ಯಾಂಡ್ ತೊಟ್ಟಿಲು ಒಂದೂಕಾಲು ಸೆಕೆಂಡಿನ ಆಸುಪಾಸಿನಲ್ಲೇ ಹೋಗಿ ಬಂದಾಗಿರುತ್ತದೆ.

ವಾಲುವ ಲೆಕ್ಕ ಇನ್ನೂ ಮುಖ್ಯ. ತೊಟ್ಟಿಲನ್ನು ಬರೀ 15 ಸೆಂ.ಮೀ. ಪಕ್ಕಕ್ಕೆ ಎಳೆದು ಬಿಡಿ. ಉದ್ದ ಹಗ್ಗದ ತೊಟ್ಟಿಲು 4 ಡಿಗ್ರಿಯಷ್ಟು ವಾಲುತ್ತದೆ, ಒಳಗಿರುವ ಮಗುವಿಗೆ ಅದು ಗೊತ್ತೇ ಆಗುವುದಿಲ್ಲ. ತಿರುಗುವ ಬೋಲ್ಟಿನಿಂದ 30 ಸೆಂ.ಮೀ. ಕೆಳಗೆ ಮಗು ಮಲಗಿರುವ ಸ್ಟ್ಯಾಂಡ್ ತೊಟ್ಟಿಲನ್ನು ಅಷ್ಟೇ ಎಳೆದರೆ 30 ಡಿಗ್ರಿ ವಾಲುತ್ತದೆ. ಅಷ್ಟು ವಾಲಿದರೆ ಎಳೆಮಗು ಒಂದು ಬದಿಗೆ ಜಾರಿ ಅಂಚಿಗೆ ಒತ್ತುತ್ತದೆ. ಅಕ್ಕನೋ ಅಣ್ಣನೋ ಬಂದು ಖುಷಿಯಲ್ಲಿ ಜೋರಾಗಿ ತೂಗುವ ಮನೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಕೊಕ್ಕೆ ಎಷ್ಟು ಬೇಕು? ನಾಲ್ಕು ಹಗ್ಗವನ್ನೂ ಮೇಲೆ ಒಂದೇ ಕೊಕ್ಕೆಗೆ ಸೇರಿಸುವವರಿದ್ದಾರೆ. ಹಾಗೆ ಮಾಡಿದರೆ ತೊಟ್ಟಿಲು ತೂಗುವುದರ ಜೊತೆಗೆ ಸುತ್ತುತ್ತದೆ, ಹಗ್ಗ ಹುರಿಗೊಳ್ಳುತ್ತದೆ. ಎರಡು ಕೊಕ್ಕೆ ಒಳ್ಳೆಯದು, ತಲೆಯ ಕಡೆಯ ಜೋಡಿ ಹಗ್ಗಕ್ಕೆ ಒಂದು, ಕಾಲಿನ ಕಡೆಗೆ ಒಂದು. ಎರಡರ ನಡುವೆ ತೊಟ್ಟಿಲಿನ ಉದ್ದದಷ್ಟೇ ಅಂತರ ಇರಲಿ. ಎರಡೂ ಒಂದೇ ತೊಲೆಯಲ್ಲಿದ್ದರೆ ತೊಟ್ಟಿಲು ತೊಲೆಯ ಉದ್ದಕ್ಕೆ ನಿಂತು ಹೆಚ್ಚಾಗಿ ಅಡ್ಡಕ್ಕೆ ತೂಗುತ್ತದೆ. ಹಾಗಾಗಿ ಗೋಡೆಯಿಂದ ಎರಡೂ ಬದಿಗೆ ಒಂದೊಂದು ಮೀಟರ್ ಬಿಟ್ಟು ಜಾಗ ನೋಡಿಕೊಳ್ಳಿ. ಪಕ್ಕಾಸಿಗೆ ಕೊಕ್ಕೆ ಹಾಕಬೇಡಿ. ಅದು ಹಂಚು ಹೊರಲು ಇರುವುದು, ತೂಗಾಟದ ಭಾರಕ್ಕಲ್ಲ.

ತೊಲೆಯನ್ನು ನಂಬುವ ಮೊದಲು ಒಮ್ಮೆ ಏಣಿ ಹತ್ತಿ ನೋಡಿ. ಮೇಲ್ಮೈ ನೋಡಿದರೆ ಸಾಲದು. ದಬ್ಬಣದಂಥ ಚೂಪಾದ್ದರಿಂದ ಅಲ್ಲಲ್ಲಿ ಚುಚ್ಚಿ. ಗಟ್ಟಿ ಮರವಾದರೆ ತುದಿ ಒಳಗೆ ಹೋಗುವುದಿಲ್ಲ. ಗೆದ್ದಲು ತಿಂದದ್ದಾದರೆ ಸುಲಭವಾಗಿ ಇಳಿಯುತ್ತದೆ. ಗೋಡೆಯ ಒಳಗೆ ಸೇರುವ ತುದಿಗಳನ್ನು ಮುಖ್ಯವಾಗಿ ನೋಡಿ, ಮಳೆನೀರು ಸೋರಿ ಮೊದಲು ಹಾಳಾಗುವುದು ಅಲ್ಲಿಯೇ. ಆಮೇಲೆ 50 ಕೆ.ಜಿ.ಯ ಒಂದು ಮೂಟೆ ಅಕ್ಕಿಯನ್ನು ಅದೇ ಕೊಕ್ಕೆ, ಅದೇ ಹಗ್ಗದಲ್ಲಿ ಕಟ್ಟಿ ಸ್ವಲ್ಪ ಹೊತ್ತು ಚೆನ್ನಾಗಿ ತೂಗಿ. ಖಾಲಿ ತೊಟ್ಟಿಲು ತೂಗಬಾರದು ಎನ್ನುವ ಹಿರಿಯರಿಗೂ ಇದರಿಂದ ಬೇಸರವಾಗುವುದಿಲ್ಲ. ಕೆಲವು ಮನೆಗಳಲ್ಲಿ ನಾಮಕರಣದ ದಿನ ಮಗುವಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಹಾಕುವ ಕ್ರಮವಿದೆಯಲ್ವಾ, ತೊಟ್ಟಿಲು ಭಾರ ತಡೆಯುತ್ತದೋ ಎಂದು ನೋಡಲು ಅದೂ ಒಂದು ಒಳ್ಳೆಯ ದಾರಿಯೇ.

ಹಗ್ಗದ ವಿಷಯದಲ್ಲಿ ನನ್ನ ಆಯ್ಕೆ ಸರಪಳಿ. ತೆಂಗಿನ ನಾರಿನ ಹಗ್ಗ ನೋಡಲು ಚಂದ, ಆದರೆ ಕೊಕ್ಕೆಗೆ ಉಜ್ಜುವ ಕಡೆ ಎಳೆ ಎಳೆಯಾಗಿ ಸವೆಯುತ್ತದೆ. ನೈಲಾನ್ ಹಗ್ಗದ ಗಂಟು ಜಾರುತ್ತದೆ. ಹಿತ್ತಾಳೆ ಸರಪಳಿ ಹಳೆ ಮನೆಗಳ ಅಟ್ಟದಲ್ಲಿ ಇನ್ನೂ ಸಿಗುತ್ತದೆ, ಸಿಕ್ಕಿದರೆ ಬಿಡಬೇಡಿ. ಮಗುವಿನ ಕೈ ನಿಲುಕುವ ಎತ್ತರದ ತನಕ ಅದಕ್ಕೆ ದಪ್ಪ ಬಟ್ಟೆಯ ಕೊಳವೆ ಹೊಲಿದು ತೊಡಿಸಿ. ಕೊಂಡಿಯ ಸಂದಿಗೆ ಬೆರಳು ಸಿಕ್ಕಿಕೊಳ್ಳಬಾರದು.

ಟೆರೇಸ್ ಮನೆಯಲ್ಲೂ ತೂಗು ತೊಟ್ಟಿಲು ಹಾಕಬಹುದು, ಒಂದು ಷರತ್ತಿನ ಮೇಲೆ. ಕಾಂಕ್ರೀಟ್ ಹಾಕುವ ಮೊದಲೇ ಕಂಬಿಗೆ ಸುತ್ತಿ ಬಿಟ್ಟ ಕೊಕ್ಕೆ ಇರಬೇಕು. ಆಮೇಲೆ ಡ್ರಿಲ್ ಮಾಡಿ ಕೂರಿಸುವ ಬೋಲ್ಟನ್ನು ನಾನು ಒಪ್ಪುವುದಿಲ್ಲ. ಸುಮ್ನೆ ನೇತಾಡುವ ಭಾರ ಬೇರೆ, ದಿನಕ್ಕೆ ಸಾವಿರ ಸಲ ಆಚೆ ಈಚೆ ಎಳೆಯುವ ಭಾರ ಬೇರೆ. ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಟೆರೇಸಿನಲ್ಲಿ ಸಣ್ಣ ಸೋರಿಕೆ ಇದ್ದರೂ ಬೋಲ್ಟು ಒಳಗೊಳಗೆ ತುಕ್ಕು ಹಿಡಿಯುತ್ತದೆ, ಹೊರಗೆ ಕಾಣುವುದಿಲ್ಲ. ಹೊಸ ಮನೆ ಕಟ್ಟಿಸುತ್ತಿದ್ದರೆ ಸ್ಲ್ಯಾಬ್ ಹಾಕುವ ದಿನವೇ ಮಲಗುವ ಕೋಣೆಯಲ್ಲಿ ಎರಡು ಕೊಕ್ಕೆ ಬಿಡಿಸಿ. ಖರ್ಚು ಏನೂ ಇಲ್ಲ. ತೊಟ್ಟಿಲು ಮುಗಿದ ಮೇಲೆ ಉಯ್ಯಾಲೆಗೂ ಆಯಿತು.

ಸ್ಟ್ಯಾಂಡ್ ತೊಟ್ಟಿಲು

ತೊಲೆಯೂ ಇಲ್ಲ, ಕೊಕ್ಕೆಯೂ ಇಲ್ಲ ಎನ್ನುವವರಿಗೆ, ಬಾಡಿಗೆ ಮನೆಯವರಿಗೆ, ತವರಿನಲ್ಲಿ ಮೂರು ತಿಂಗಳು ಕಳೆದು ಗಂಡನ ಮನೆಗೆ ತೊಟ್ಟಿಲು ಸಾಗಿಸಬೇಕಾದವರಿಗೆ ಇದೇ ಸರಿ. ಹಗಲು ಅಡುಗೆಮನೆಯ ಹತ್ತಿರ, ರಾತ್ರಿ ಮಂಚದ ಪಕ್ಕ ಎಂದು ಜಾಗ ಬದಲಿಸಬಹುದು. ಸೊಳ್ಳೆಪರದೆ ಕಟ್ಟಲು ಸ್ಟ್ಯಾಂಡೇ ಆಧಾರವಾಗುತ್ತದೆ, ಪರದೆ ಮಗುವಿನ ಮೇಲೆ ಜೋಲುವುದಿಲ್ಲ. ನಮ್ಮ ಮಳೆಗಾಲದಲ್ಲಿ ಇದು ದೊಡ್ಡ ಉಪಕಾರ.

ಆದರೆ ಮೇಲೆ ಹೇಳಿದ ವಾಲುವ ತೊಂದರೆ ಇರುವುದು ಇದರಲ್ಲೇ. ಇನ್ನೊಂದು ವಿಷಯವೂ ಇದೆ. ಮಗು ನಾಲ್ಕನೇ ತಿಂಗಳಿನ ಹೊತ್ತಿಗೆ ಒಂದು ಬದಿಗೆ ಸರಿದು ಮಲಗಿದರೆ ತೊಟ್ಟಿಲು ಆ ಬದಿಗೇ ವಾಲಿ ನಿಲ್ಲುತ್ತದೆ. ಮತ್ತೆ ತಾನಾಗಿ ನೇರವಾಗುವುದಿಲ್ಲ. 10 ಕೆ.ಜಿ.ಯ ತೊಟ್ಟಿಲಲ್ಲಿ 6 ಕೆ.ಜಿ.ಯ ಮಗು 10 ಸೆಂ.ಮೀ. ಸರಿದರೆ, ಬೋಲ್ಟು 30 ಸೆಂ.ಮೀ. ಮೇಲಿದ್ದಾಗ 7 ಡಿಗ್ರಿ ವಾಲುತ್ತದೆ. ಬೋಲ್ಟು 15 ಸೆಂ.ಮೀ. ಮಾತ್ರ ಮೇಲಿದ್ದರೆ 14 ಡಿಗ್ರಿ. ಉದ್ದ ಹಗ್ಗದ ತೊಟ್ಟಿಲಲ್ಲಿ ಇದು 1 ಡಿಗ್ರಿ ಮಾತ್ರ. ವಾಲಿದ ಬದಿಗೆ ಮುಖ ಒತ್ತಿಕೊಂಡ ಮಗುವಿಗೆ ಉಸಿರು ಕಟ್ಟುವ ಅಪಾಯವಿದೆ. ಆದ್ದರಿಂದ ಆಚಾರಿಯವರಿಗೆ ಮೂರು ಮಾತು ಬಿಡಿಸಿ ಹೇಳಿ. ಬೋಲ್ಟು ಹಾಸಿಗೆಗಿಂತ 30 ಸೆಂ.ಮೀ. ಆದರೂ ಮೇಲಿರಲಿ. ಎರಡೂ ಬದಿಗೆ 10 ಡಿಗ್ರಿಗಿಂತ ಹೆಚ್ಚು ಹೋಗದಂತೆ ತಡೆ ಇರಲಿ. ಮಗು ನಿದ್ದೆ ಹೋದ ಮೇಲೆ ತೊಟ್ಟಿಲು ಅಲುಗಾಡದಂತೆ ನಿಲ್ಲಿಸಲು ಒಂದು ಪಿನ್ನು ಇರಲಿ. ಕೊನೆಯದನ್ನು ಹೆಚ್ಚಿನವರು ಮರೆಯುತ್ತಾರೆ, ರಾತ್ರಿ ಹೊತ್ತು ಬೇಕಾಗುವುದು ಅದೇ.

ಬೋಲ್ಟು ನೇರವಾಗಿ ಮರದ ತೂತಿನಲ್ಲೇ ತಿರುಗಿದರೆ ಕೆಲವೇ ತಿಂಗಳಲ್ಲಿ ತೂತು ಅಗಲವಾಗಿ ಕಿರುಗುಟ್ಟಲು ಶುರುವಾಗುತ್ತದೆ. ತೂತಿನೊಳಗೆ ಹಿತ್ತಾಳೆಯ ಬುಷ್, ಅಂದರೆ ಸಣ್ಣ ಕೊಳವೆ, ಹಾಕಿಸಿ. ನಟ್ಟು ತಾನಾಗಿ ಬಿಚ್ಚಿಕೊಳ್ಳದ ಥರದ್ದಾಗಿರಲಿ. ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆಯ ಕಡಲ ಬದಿಯವರು ಬೋಲ್ಟು, ಸ್ಕ್ರೂ ಎಲ್ಲವನ್ನೂ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನದೇ ತರಬೇಕು. ಉಪ್ಪು ಗಾಳಿಗೆ ಕಬ್ಬಿಣ ನಿಲ್ಲುವುದಿಲ್ಲ. ಸ್ಟ್ಯಾಂಡಿನ ಕಾಲುಗಳ ನಡುವೆ ಅಡ್ಡಕ್ಕೆ 65–70 ಸೆಂ.ಮೀ. ಅಗಲ ಬೇಕು, ಕಡಿಮೆಯಾದರೆ ದೊಡ್ಡ ಮಗು ಹಿಡಿದು ನೇತಾಡಿದಾಗ ಮಗುಚುತ್ತದೆ.

ಬಾಗಿದ ಕಾಲಿನ ತೊಟ್ಟಿಲು

ಚಿತ್ರಗಳಲ್ಲಿ ನೋಡಿ ಇದನ್ನೇ ಕೇಳುವವರು ಈಗ ಹೆಚ್ಚು. ಮಾಡಲು ಸುಲಭ, ಮರ ಕಡಿಮೆ ಸಾಕು, ಮೇಲಿನಿಂದ ಬೀಳುವ ಭಯವಿಲ್ಲ. ಆದರೂ ಮೂರರಲ್ಲಿ ಇದು ನನಗೆ ಕೊನೆಯ ಆಯ್ಕೆ. ತೂಗಾಟ ತೀರಾ ಚುರುಕು, ಒಮ್ಮೆ ಹೋಗಿ ಬರಲು ಹೆಚ್ಚೆಂದರೆ ಒಂದು ಸೆಕೆಂಡ್. ಟೈಲ್ಸ್ ನೆಲದಲ್ಲಿ ತೂಗುತ್ತಾ ತೂಗುತ್ತಾ ಜಾಗ ಬಿಟ್ಟು ಸರಿಯುತ್ತದೆ. ಅಂಬೆಗಾಲಿಡುವ ಇನ್ನೊಂದು ಮಗು ಮನೆಯಲ್ಲಿದ್ದರೆ ಅದರ ಬೆರಳು ಕಾಲಿನಡಿಗೆ ಸಿಕ್ಕುತ್ತದೆ. ಇರುವೆಗಳಿಗಂತೂ ನೆಲದಿಂದ ನೇರ ದಾರಿ.

ಮಾಡಿಸುವುದೇ ಆದರೆ ಬಾಗು ಎಷ್ಟು ಎಂಬುದನ್ನು ಆಚಾರಿಯ ಅಂದಾಜಿಗೆ ಬಿಡಬೇಡಿ. ನೆಲದ ಮೇಲೆ ಹಲಗೆ ಇಟ್ಟು, ಒಂದು ಮೊಳೆ ಹೊಡೆದು, 150 ಸೆಂ.ಮೀ. ದಾರಕ್ಕೆ ಪೆನ್ಸಿಲ್ ಕಟ್ಟಿ ಗೆರೆ ಎಳೆಯಿರಿ. ಕಾಲಿನ ಉದ್ದ 75 ಸೆಂ.ಮೀ. ಆದರೆ ತುದಿಗಳು ನೆಲದಿಂದ 5 ಸೆಂ.ಮೀ.ಯಷ್ಟೇ ಏಳುತ್ತವೆ. ಆಗ ಪೂರ್ತಿ ವಾಲಿದರೂ 14–15 ಡಿಗ್ರಿ ದಾಟುವುದಿಲ್ಲ. 100 ಸೆಂ.ಮೀ. ದಾರದಲ್ಲಿ ಎಳೆದರೆ ತೂಗಾಟ ಸ್ವಲ್ಪ ನಿಧಾನ, ಆದರೆ 20 ಡಿಗ್ರಿ ಮೀರಿ ವಾಲುತ್ತದೆ. ನಿಧಾನ ಬೇಕೆಂದರೆ ವಾಲುತ್ತದೆ, ವಾಲಬಾರದು ಎಂದರೆ ಚುರುಕಾಗುತ್ತದೆ. ಈ ತೊಟ್ಟಿಲಿನ ಕಷ್ಟವೇ ಅದು.

ಸೀರೆಯ ಜೋಲಿಯನ್ನು ಇಲ್ಲಿ ಹೋಲಿಸಿಲ್ಲ, ಅದು ಮರದ ಕೆಲಸವಲ್ಲ. ಒಂದು ಮಾತು ಮಾತ್ರ: ಅದರಲ್ಲಿ ಎಳೆಮಗುವಿನ ಬೆನ್ನು ಬಾಗಿ ಗದ್ದ ಎದೆಗೆ ಒತ್ತುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಯಾರಾದರೂ ಪಕ್ಕದಲ್ಲೇ ಕೂತು ನೋಡುತ್ತಿರುವಾಗ ಮಾತ್ರ ಸಾಕು. ಪೇಟೆಯಲ್ಲಿ ಸಿಗುವ ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ) ತೊಟ್ಟಿಲು ನಮ್ಮ ಜೋರು ಮಳೆಯ ಒಂದು ಆಟಿ ತಿಂಗಳು ಕಳೆಯುವಷ್ಟರಲ್ಲಿ ಅಂಚು ಉಬ್ಬಿ ಸ್ಕ್ರೂ ಸಡಿಲವಾಗುತ್ತದೆ.

ಈಗ ಮರ

ಹಲಸು. ನಮ್ಮ ನೆಲಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ಹಿತ್ತಲಿನಲ್ಲೇ ಇರುತ್ತದೆ, ತೇಗಕ್ಕಿಂತ ಅಗ್ಗ, ಉಳಿಗೆ ಚೆನ್ನಾಗಿ ಒಗ್ಗುತ್ತದೆ, ತಿರುಳಿಗೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ಕೊಯ್ದಾಗ ಹಳದಿ, ವರ್ಷಗಳು ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಕೇರಳ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಮರಕ್ಕೂ ಅಷ್ಟೇ ಮರ್ಯಾದೆ ಸಲ್ಲಬೇಕು. ಒಂದೇ ಎಚ್ಚರ, ಹಲಗೆಯಲ್ಲಿ ಹಳದಿ ತಿರುಳು ಮಾತ್ರ ಇರಲಿ. ಅಂಚಿನ ಬಿಳಿ ಭಾಗ ಇದ್ದರೆ ಹುಳ ಬಿದ್ದು ಹಿಟ್ಟು ಉದುರುತ್ತದೆ, ಅದು ಬೀಳುವುದು ಮಗುವಿನ ಹಾಸಿಗೆಗೆ.

ತೇಗಕ್ಕೆ ಹೆಸರಿದೆ, ಅದು ಸುಳ್ಳಲ್ಲ. ತೇವಕ್ಕೆ ಉಬ್ಬುವುದು, ಬಿಸಿಲಿಗೆ ಕುಗ್ಗುವುದು ಅದರಲ್ಲಿ ಕಡಿಮೆ. ತಿರುಗುವ, ಉಜ್ಜುವ ಜಾಗಗಳಿರುವ ಸ್ಟ್ಯಾಂಡಿಗೆ ತೇಗ ಹಾಕಿ, ತೊಟ್ಟಿಲಿನ ಪೆಟ್ಟಿಗೆಗೆ ಹಲಸು ಹಾಕುವುದು ನನಗೆ ಇಷ್ಟವಾದ ಜೋಡಿ. ಸ್ವಂತ ಜಾಗದ ತೇಗ, ಬೀಟೆಯಾದರೂ ಕಡಿಸುವ ಮೊದಲು ಅರಣ್ಯ ಕಚೇರಿಯಲ್ಲಿ ವಿಚಾರಿಸಿ, ಜಾಗದ ಪಟ್ಟೆ ಯಾವ ಥರದ್ದು ಎಂಬುದರ ಮೇಲೆ ನಿಯಮ ಬದಲಾಗುತ್ತದೆ. ಕರ್ನಾಟಕದ ಗಡಿ ತಲಪಾಡಿ ದಾಟಿಸಿ ಮರ ತರುವ ಯೋಚನೆ ಇದ್ದರೂ ಮರ ಸಾಗಿಸುವ ಪಾಸಿನ ವಿಷಯ ಮೊದಲೇ ಕೇಳಿಕೊಳ್ಳಿ.

ಹೆಬ್ಬಲಸು ಸಿಕ್ಕಿದರೆ ಅದೂ ಚೆನ್ನ, ಮಿಲ್ಲಿನಲ್ಲಿ ಆಂಜಿಲಿ ಎಂದು ಕೇಳಿ. ಮಾವು ಅಗ್ಗ, ಹುಳ ಬೇಗ. ರಬ್ಬರ್ ಮರ ನಮ್ಮ ಗುಡ್ಡೆಗಳ ತುಂಬ ಇದೆ, ಆದರೆ ಔಷಧ ಹಾಕಿ ಯಂತ್ರದಲ್ಲಿ ಒಣಗಿಸಿದ್ದು ಮಾತ್ರ ಬಾಳುತ್ತದೆ. ತೋಟದಿಂದ ಕಡಿದು ನೇರವಾಗಿ ತಂದದ್ದಕ್ಕೆ ಬೂಸಲು ಬರುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ಹಳೆ ಮರ. ಹಂಚಿನ ಮನೆ ಬಿಚ್ಚಿದಾಗ ಸಿಗುವ ಹಲಸಿನ ದಾರಂದ, ಬಾಗಿಲ ಹಲಗೆ ಐವತ್ತು ವರ್ಷ ಒಣಗಿ ಕೂತಿರುತ್ತದೆ, ಇನ್ನು ಸೀಳುವುದಿಲ್ಲ, ಬಾಗುವುದಿಲ್ಲ. ಆದರೆ ಅದಕ್ಕೆ ಹಿಂದೆ ಏನು ಬಳಿದಿದ್ದರು ಎಂದು ಕೇಳಲೇಬೇಕು. ನಮ್ಮಲ್ಲಿ ಗೆದ್ದಲು ಬಾರದಂತೆ ತೊಲೆ, ದಾರಂದಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿ ಇತ್ತು. ಗೇರುಬೀಜ ಸುಟ್ಟು ಒಡೆದವರಿಗೆಲ್ಲ ಗೊತ್ತು, ಆ ಎಣ್ಣೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಅಂಥ ಮರ, ಡಾಂಬರು ಬಳಿದ ಮರ ತೊಟ್ಟಿಲಿಗೆ ಬೇಡವೇ ಬೇಡ, ಎಷ್ಟು ಕೀಸಿದರೂ ಬೇಡ. ಹಳೆ ಪೇಂಟು ಇದ್ದರೂ ಅಷ್ಟೇ ಜಾಗ್ರತೆ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣವನ್ನು ನಂಬಲಾಗದು. ಅಟ್ಟದಲ್ಲಿ ಉಳಿದಿರುವ ಹಳೆ ಡಬ್ಬಿಯ ಪೇಂಟನ್ನೂ ತೊಟ್ಟಿಲಿಗೆ ಬಳಿಯಬೇಡಿ. ಹಲ್ಲು ಬರುವ ಮಗು ಅಂಚನ್ನು ಕಚ್ಚಿಯೇ ಕಚ್ಚುತ್ತದೆ.

ಹಾಗಾದರೆ ಏನು ಬಳಿಯುವುದು? ಕಲಬೆರಕೆಯಿಲ್ಲದ ಅಗಸೆ ಎಣ್ಣೆ ತೆಳ್ಳಗೆ ಒರೆಸಿ, ಒಣಗಿದ ಮೇಲೆ ಜೇನುಮೇಣ ತಿಕ್ಕಿದರೆ ಸಾಕು. ಬೇಗ ಒಣಗಲು ರಾಸಾಯನಿಕ ಸೇರಿಸಿದ ಬಾಯ್ಲ್ಡ್ ಎಣ್ಣೆ ಬೇಡ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು. ನೀರಿನಲ್ಲಿ ನೆನೆಸಿ, ಬಿಡಿಸಿ ಹೊರಗೆ ಒಣಹಾಕಿ. ತೆಂಗಿನೆಣ್ಣೆ ಮನೆಯಲ್ಲೇ ಇದೆಯಲ್ಲಾ ಎಂದರೆ, ಅದು ಒಣಗುವ ಎಣ್ಣೆಯಲ್ಲ. ಧೂಳು ಹಿಡಿದು ಜಿಗುಟಾಗುತ್ತದೆ, ಕಮಟು ವಾಸನೆ ಬರುತ್ತದೆ. ಅರಗಿನ ಸ್ಪಿರಿಟ್ ಪಾಲಿಶ್ ಒಣಗಿದ ಮೇಲೆ ಮಗುವಿಗೆ ತೊಂದರೆಯಿಲ್ಲ, ಆದರೆ ನೀರು ಬಿದ್ದಲ್ಲಿ ಬಿಳಿಚುತ್ತದೆ. ದಿನಕ್ಕೆ ನಾಲ್ಕು ಸಲ ಒರೆಸುವ ತೊಟ್ಟಿಲಿಗೆ ಅದು ಹೊಂದುವುದಿಲ್ಲ. ಪಿಯು (ಪಾಲಿಯುರೆಥೇನ್) ಪಾಲಿಶ್ ಗಟ್ಟಿ, ಒರೆಸಲು ಸುಲಭ. ಬಳಿದು ಒಂದು ತಿಂಗಳು ಗಾಳಿಗೆ ಬಿಡಲು ಪುರುಸೊತ್ತಿದ್ದರೆ ಮಾತ್ರ ಅದನ್ನು ಆರಿಸಿ.

ಅಳತೆ, ಮತ್ತು ಯಾವಾಗ ಹೇಳಬೇಕು

ಒಳಗಿನ ಉದ್ದ 90 ಸೆಂ.ಮೀ., ಅಗಲ 45–50 ಸಾಕು. ಹಾಸಿಗೆಯ ಮೇಲಿನಿಂದ ಅಂಚಿಗೆ 25 ಸೆಂ.ಮೀ. ಎತ್ತರ ಬೇಕು. ಬದಿಯ ಪಟ್ಟಿಗಳ ನಡುವಿನ ಸಂದಿ 6 ಸೆಂ.ಮೀ. ದಾಟಬಾರದು. ಅಮೆರಿಕದ ತೊಟ್ಟಿಲ ನಿಯಮದಲ್ಲೂ ಇದೇ ಮಿತಿ, ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳಬಾರದು ಎಂಬುದಕ್ಕೆ. ನಾನು 5ಕ್ಕೇ ನಿಲ್ಲಿಸಲು ಹೇಳುತ್ತೇನೆ, ಬೇಸಿಗೆಯಲ್ಲಿ ಪಟ್ಟಿ ಕುಗ್ಗಿದಾಗ ಸಂದಿ ಸ್ವಲ್ಪ ದೊಡ್ಡದಾಗುತ್ತದೆ. ನಾಲ್ಕು ಮೂಲೆಯ ಕಂಬಗಳ ಮೇಲೆ ಗಿಳಿ, ಕಳಶ ಎಂದು ಕೆತ್ತಿಸುವ ಆಸೆ ಇದ್ದರೆ ಅದನ್ನು ತಲೆಯ ಕಡೆಯ ಹಲಗೆಗೆ ಹೊರಬದಿಯಲ್ಲಿ ಕೆತ್ತಿಸಿ. ಮೇಲಕ್ಕೆ ಚಾಚಿದ ತುದಿಗೆ ಅಂಗಿಯ ದಾರ, ಸರ ಸಿಕ್ಕಿಕೊಳ್ಳುತ್ತದೆ.

ತಳಕ್ಕೆ ಇಡೀ ಹಲಗೆ ಬೇಡ, ಪಟ್ಟಿಗಳನ್ನು ಒಂದೆರಡು ಸೆಂ.ಮೀ. ಬಿಟ್ಟು ಜೋಡಿಸಿ. ಗಾಳಿ ಆಡದಿದ್ದರೆ ಮಳೆಗಾಲದಲ್ಲಿ ಹಾಸಿಗೆಯಡಿ ಬೂಸಲು ಖಂಡಿತ. ಹಗ್ಗ ಹೆಣೆದ ತಳ ಜೋಲುತ್ತದೆ, ಮಗುವಿಗೆ ಬೇಕಾದ್ದು ಸಮತಟ್ಟಾದ, ಗಟ್ಟಿ ಹಾಸಿಗೆ. ಹಾಸಿಗೆಗೂ ಬದಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದಿ ಬೇಡ. ದಿಂಬು, ಸುತ್ತ ಇಡುವ ಮೆತ್ತೆ ಯಾವುದೂ ಬೇಡ. ಅಮೆರಿಕದಲ್ಲಿ 2022ರಲ್ಲಿ ತೊಟ್ಟಿಲಿನ ಸುತ್ತ ಕಟ್ಟುವ ಮೆತ್ತೆಯನ್ನು ಕಾನೂನು ಮಾಡಿಯೇ ನಿಷೇಧಿಸಿದರು. ಮಗುವನ್ನು ಬೆನ್ನ ಮೇಲೆ ಮಲಗಿಸಿ.

ಮೊಳೆಗಿಂತ ಹಲಗೆಯ ತುದಿಯನ್ನು ನಾಲಿಗೆಯ ಹಾಗೆ ಕೆತ್ತಿ ಕಾಲಿನ ತೂತಿಗೆ ಕೂರಿಸಿ, ಮರದ ಬೆಣೆ ಹೊಡೆದ ಜೋಡಣೆಯೇ ಗಟ್ಟಿ. ಮೊಳೆ ತೂಗಾಟಕ್ಕೆ ಸಡಿಲವಾಗಿ ಹೊರಗೆ ತಲೆ ಹಾಕುತ್ತದೆ. ತೊಟ್ಟಿಲಿಗೆ ಒಂದು, ಒಂದೂಕಾಲು ಘನ ಅಡಿ ಮರ ಸಾಕು. ಸ್ಟ್ಯಾಂಡ್ ಸೇರಿದರೆ ಹೆಚ್ಚುಕಡಿಮೆ ಎರಡು.

ಹಸಿ ಮರ ಒಂದಂಗುಲ ದಪ್ಪದ ಹಲಗೆಯಾಗಿ ನೆರಳಲ್ಲಿ ಒಣಗಲು ಒಂದು ವರ್ಷ ಬೇಕು. ಹೆರಿಗೆಗೆ ಅಷ್ಟು ಸಮಯ ಇಲ್ಲದಿದ್ದರೆ ಒಣಗಿದ ಹಲಗೆಯನ್ನೇ ಕೊಳ್ಳಿ, ಅಥವಾ ಹಳೆ ಮರ ಹುಡುಕಿ. ಜೂನ್ ನಂತರ ಹೆರಿಗೆ ಎಂದಾದರೆ ಕೆಲಸ ಮಾರ್ಚಿಗೇ ಶುರುವಾಗಲಿ. ಮಳೆ ಹಿಡಿದ ಮೇಲೆ ಎಣ್ಣೆ ಒಣಗುವುದಿಲ್ಲ, ಉಬ್ಬಿದ ಮರದಲ್ಲಿ ಕೂರಿಸಿದ ಜೋಡಣೆ ಡಿಸೆಂಬರಿಗೆ ಅಲುಗಾಡುತ್ತದೆ. ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಹೊಸದು ಮುಗಿಯದಿದ್ದರೆ ನೆರೆಮನೆಯಿಂದ ಎರವಲು ತನ್ನಿ, ಆಚಾರಿಯವರನ್ನು ಅವಸರ ಮಾಡಬೇಡಿ. ಮಗು ಮಗುಚಿ, ಕೈ ಊರಿ ಏಳಲು ಹೊರಟ ದಿನ, ಹೆಚ್ಚಾಗಿ ಐದನೇ ತಿಂಗಳ ಸುತ್ತಮುತ್ತ, ಮೂರರಲ್ಲಿ ಯಾವ ತೊಟ್ಟಿಲಾದರೂ ಬಿಚ್ಚಿ ಅಟ್ಟಕ್ಕೆ ಹಾಕಬೇಕು. ಹಾಕುವ ಮೊದಲು ಸರಪಳಿ, ಬೋಲ್ಟುಗಳಿಗೆ ಸ್ವಲ್ಪ ಗ್ರೀಸ್ ಹಚ್ಚಿ ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಿನ ಒಳಗೇ ಇಡಿ.